ನೂರ ನಾಲ್ಕರ ನೆನಪು

ಗ್ಯಾರೇಜಿನಕ್ಕ ಬಂದಾಗ ನಾನು ಮಹಡಿ ಮೆಟ್ಟಿಲ ಬುಡದಲ್ಲಿ ಕೂತು ಕಿತ್ತುಹೋದ ಚಪ್ಪಲಿಗೆ ಹೊಲಿಗೆ ಹಾಕುತ್ತಿದ್ದೆ. ಸದಾ ಕೈಯ ಗ್ರೀಸನ್ನು ಬಟ್ಟೆಗೆ ಒರೆಸುತ್ತಲೇ ಮಾತಾಡುವ ಹೆಂಗಸು ಅವಳು. ಅವತ್ತು ಉಗುರಿನ ಸಂದಿಯಲ್ಲಿ ಕೂಡ ಕಪ್ಪು ಉಳಿಯದಂತೆ ಕೈ ತೊಳೆದು ಬಂದಿದ್ದಳು. ಅದನ್ನು ನೋಡಿಯೇ ನಾನು ಸೂಜಿ ಕೆಳಗಿಟ್ಟೆ. ಗ್ಯಾರೇಜಿನವರ ಕೈ ಅಷ್ಟು ಶುಭ್ರವಾಗಿದೆ ಎಂದರೆ ಅಲ್ಲಿ ಕೆಲಸ ನಿಂತು ಸುಮಾರು ದಿನವಾಗಿದೆ ಎಂದೇ ಅರ್ಥ.

“ಡ್ರೈವರಣ್ಣಾ, ಮೇಡಂ ಇದ್ದಾರಾ?” ಎಂದಳು. “ನಾಡಿದ್ದು ಕೋರ್ಟು. ನನ್ನ ತಮ್ಮ ತಪ್ಪೊಪ್ಪಿಕೊಂಡು ಸಹಿ ಹಾಕ್ಬಿಟ್ಟಿದ್ದಾನೆ. ಮಾಡದೇ ಇರೋ ತಪ್ಪನ್ನ.”

ಮೇಡಂ ಎಂದರೆ ನಮ್ಮ ಸ್ಟೆನೋ ಮೇಡಂ. ಮೂವತ್ತೆರಡು ವರ್ಷ ಕೋರ್ಟಿನಲ್ಲಿ ಕೂತು ಊರಿನವರ ಸಾಕ್ಷ್ಯವನ್ನೆಲ್ಲ ಶೀಘ್ರಲಿಪಿಯಲ್ಲಿ ಗೀಚಿಕೊಂಡವರು. ಯಾರು ಏನು ಹೇಳಿದರು ಎನ್ನುವುದಕ್ಕಿಂತ, ಯಾವ ಮಾತನ್ನು ಲೆಕ್ಕಕ್ಕಿಲ್ಲವೆಂದು ಹೇಳಿ ಮುಂದೆ ಹೋದರು ಎನ್ನುವುದರ ಮೇಲೆ ಅವರಿಗೆ ಕಣ್ಣು. ನಿವೃತ್ತಿಯಾದ ಮೇಲೆ ಪೊಲೀಸರಿಗೆ ಬಗೆಹರಿಯದ ಐದಾರು ಪ್ರಕರಣಗಳನ್ನು ಬರೀ ಪೆನ್ಸಿಲ್ಲಿನಿಂದ ಬಿಡಿಸಿದ್ದಾರೆ. ನಾನು ಅವರ ಕೆಳಮನೆಯ ಬಾಡಿಗೆದಾರ, ಮೂವತ್ತು ವರ್ಷ ಬಸ್ಸು ಓಡಿಸಿ ಸೊಂಟ ಕಳೆದುಕೊಂಡವನು. ಈಗ ಅವರ ಹಳೇ ಕಾರನ್ನು ಓಡಿಸುತ್ತೇನೆ. ಒಮ್ಮೆ ಆರಿಸಿದರೆ ಮತ್ತೆ ಹೊತ್ತಿಕೊಳ್ಳುವುದೋ ಬೇಡವೋ ಎಂದು ಯೋಚಿಸಿ ನೋಡುವಂಥ ಕಾರು ಅದು. ಹಾಗಾಗಿ ಐದು ನಿಮಿಷದ ಕೆಲಸವಿದ್ದರೆ ನಾನು ಆರಿಸುವುದೇ ಇಲ್ಲ.

ಮೇಡಂ ಗ್ಯಾರೇಜಿನಕ್ಕನನ್ನು ಕೂರಿಸಿ, ನೋಟ್‌ಬುಕ್ ತೆರೆದರು. “ಮೊದಲಿಂದ ಹೇಳಮ್ಮ. ನನಗೆ ಕಾರಿನ ವಿಷಯ ಒಂದೂ ಗೊತ್ತಿಲ್ಲ ಅಂತ ತಿಳ್ಕೊಂಡು ಹೇಳು.”

ವಿಷಯ ಊರಿಗೆಲ್ಲ ಗೊತ್ತಿದ್ದದ್ದೇ. ಹದಿನೈದು ದಿನದ ಹಿಂದೆ ನರ್ಸಮ್ಮ ಕಾಲುವೆಯ ತಿರುವಿನಲ್ಲಿ ಕಾರನ್ನು ಕಲ್ಲಿನ ತಡೆಗೋಡೆಗೆ ಹೊಡೆದು ಸತ್ತುಹೋಗಿದ್ದರು. ಊರಿನ ಅರ್ಧ ಮಕ್ಕಳನ್ನು ಹೆರಿಗೆ ಮಾಡಿಸಿದ ಕೈ ಅದು. ಅರವತ್ತೊಂದು ವರ್ಷ, ಜೀವಮಾನದಲ್ಲಿ ಐವತ್ತರ ಮೇಲೆ ಕಾರು ಓಡಿಸಿದವರಲ್ಲ. ಅವರು ಗ್ಯಾರೇಜಿನಿಂದ ಕಾರು ತೆಗೆದುಕೊಂಡು ಹೊರಟು ಏಳೇ ನಿಮಿಷವಾಗಿತ್ತು. ಕಾರಿನ ಕ್ರೂಸ್ ಕಂಟ್ರೋಲ್, ಅಂದರೆ ಕಾಲು ತೆಗೆದರೂ ಒಂದೇ ವೇಗ ಹಿಡಿದಿಡುವ ಯಂತ್ರ, ರಿಪೇರಿ ಮಾಡಿದ್ದು ಗ್ಯಾರೇಜಿನಕ್ಕನ ತಮ್ಮ.

“ನನ್ನ ತಮ್ಮನ್ನ ಈ ಲೋಕಕ್ಕೆ ಎಳೆದು ಹಾಕಿದ್ದೂ ಅವರೇ ಮೇಡಂ,” ಎಂದಳು ಗ್ಯಾರೇಜಿನಕ್ಕ. “ಅವರ ಗಾಡಿ ಅಂದ್ರೆ ಅವನು ಮೈಯೆಲ್ಲ ಕಣ್ಣಾಗಿ ಕೆಲಸ ಮಾಡ್ತಾನೆ. ಅವನಿಗೆ ‘ನಾಕ್ಸಲ’ ಅಂತಾನೇ ಹೆಸರು ಬಿದ್ದಿದೆ. ಏನೇ ರಿಪೇರಿ ಮಾಡಿದ್ರೂ ನಾಕು ಸಲ ಒತ್ತಿ, ನಾಕು ಸಲ ತಿರುಗಿಸಿ ನೋಡದೇ ಬಿಡೋನಲ್ಲ. ಒಂದ್ಸಲ ಹಾರನ್ ರಿಪೇರಿ ಮಾಡಿ ನಾಕು ಸಲ ಬಾರಿಸಿದ್ದಕ್ಕೆ ಎದುರುಮನೆ ಅಜ್ಜ ಕೋಲು ಹಿಡ್ಕೊಂಡು ಬಂದಿದ್ದ.”

ಅವಳು ನಕ್ಕಳು. ನಗು ಅರ್ಧಕ್ಕೇ ಕೈಕೊಟ್ಟಿತು.

“ಅವತ್ತೂ ಹಾಗೇ ಮಾಡಿದ್ನಾ?”

“ಬ್ಯಾಟರಿ ತೆಗೆದಿಟ್ಟೇ ಸ್ಟೀರಿಂಗ್ ಬಿಚ್ಚಿದ. ಅದರೊಳಗೆ ಏರ್‌ಬ್ಯಾಗ್ ಇರುತ್ತಲ್ಲ, ಬ್ಯಾಟರಿ ಇದ್ರೆ ಮುಖಕ್ಕೇ ಹಾರುತ್ತೆ. ಎಲ್ಲಾ ಜೋಡಿಸಿ, ಬೈಪಾಸಿನಲ್ಲಿ ಟ್ರಯಲ್ ನೋಡ್ಕೊಂಡು ಬಂದ. ಅವತ್ತು ಅವನ ತಲೆ ಸ್ವಲ್ಪ ಎಲ್ಲೋ ಇತ್ತು, ಇಲ್ಲ ಅನ್ನಲ್ಲ. ನರ್ಸಮ್ಮ ಎದುರಿಗೇ ನಿಂತಿದ್ದಾರೆ, ಇವನು ಎಂಜಿನ್ ಆರಿಸೋಕೆ ಕೀಗೆ ಕೈ ಹಾಕ್ದ. ನಮ್ಮ ಗ್ಯಾರೇಜಿನ ಪದ್ಧತೀನೇ ಮರೆತಿದ್ದ. ‘ಆರಿಸ್ಬೇಡ್ವೋ, ಹಾಗೇ ಕೊಡು’ ಅಂತ ನಾನೇ ಗದರಿಸಿದೆ. ನಾಲ್ಕೂ ಐದಕ್ಕೆ ಗಾಡಿ ಗೇಟು ದಾಟ್ತು. ಅಷ್ಟು ಬಿಟ್ರೆ ಅವನ ಕೆಲಸದಲ್ಲಿ ಕೂದಲೆಳೆಯಷ್ಟೂ ತಪ್ಪಿರ್ಲಿಲ್ಲ.”

“ಏನದು ಪದ್ಧತಿ?”

ಅವಳ ಬೆನ್ನು ನೆಟ್ಟಗಾಯಿತು. “ಅಪ್ಪ ಹೋದ್ಮೇಲೆ ನಾನು ಗ್ಯಾರೇಜ್ ತೆಗೆದ ಮೊದಲನೇ ವಾರ ಮೇಡಂ. ರಿಪೇರಿ ಮಾಡಿದ ಗಾಡಿ, ಗಿರಾಕಿ ಸಂಸಾರ ಸಮೇತ ಬಂದು ಕೂತು ಕೀ ತಿರುಗಿಸಿದ್ರೆ ಹೊತ್ತಿಕೊಳ್ಳಲೇ ಇಲ್ಲ. ಬೀದಿಯವರೆಲ್ಲ ನಿಂತು ನಕ್ಕರು. ಹೆಣ್ಣು ಹೆಂಗಸಿಗೆ ಸ್ಪ್ಯಾನರ್ ಯಾಕೆ ಅಂದ್ರು. ಅವತ್ತೇ ಹೇಳ್ದೆ, ಇನ್ಮೇಲೆ ನನ್ನ ಅಂಗಳದಿಂದ ಗಾಡಿ ಹೋದ್ರೆ ಎಂಜಿನ್ ಓಡ್ತಾ ಇರೋ ಹಾಗೇ ಹೋಗ್ಬೇಕು. ಹದಿನಾರು ವರ್ಷ ಆಯ್ತು. ಯಾರೂ ನಕ್ಕಿಲ್ಲ.”

ನಾನು ಭೇಷ್ ಎಂದು ತಲೆಯಾಡಿಸಿದೆ. ಮೇಡಂ ಪೆನ್ಸಿಲ್ ಒಂದೇ ಸಮನೆ ಓಡುತ್ತಿತ್ತು.

“ನೋಡ್ತೀನಮ್ಮ,” ಎಂದರು. “ಆದರೆ ಒಂದು ಮಾತು. ನಾನು ಹುಡುಕೋಕೆ ಶುರು ಮಾಡಿದ್ಮೇಲೆ ಸಿಕ್ಕಿದ್ದು ನಿನಗೆ ಬೇಕಾದ್ದೇ ಆಗಿರುತ್ತೆ ಅಂತಿಲ್ಲ.”

“ನಿಜ ಸಿಕ್ರೆ ಸಾಕು ಮೇಡಂ. ಎಲ್ಲರ ಎದುರಿಗೂ ಹೇಳಿ. ನನ್ನ ಗ್ಯಾರೇಜಿನ ಅಂಗಳದಲ್ಲೇ ಹೇಳಿ.”

ಇನ್‌ಸ್ಪೆಕ್ಟರ್ ಠಾಣೆಯಲ್ಲಿ ನಮ್ಮನ್ನು ನೋಡಿದ ಕೂಡಲೇ ಎದ್ದು ನಿಂತ. ಹಿಂದೆ ಸಾಕ್ಷಿ ಹೇಳಲು ಕೋರ್ಟಿಗೆ ಬಂದಾಗಲೆಲ್ಲ ಜಡ್ಜ್ ಸಾಹೇಬರಿಗಿಂತ ಮೇಡಂ ಅವರ ಪೆನ್ಸಿಲ್ಲಿಗೇ ಹೆಚ್ಚು ಹೆದರುತ್ತಿದ್ದನಂತೆ. ಪಾಪ, ಒಳ್ಳೆಯವನೇ. ಕಾರು ಹೇಗೆ ಓಡಿತೆಂದು ದಾಖಲಿಸಿಕೊಳ್ಳುವ, ಸೀಟಿನ ಕೆಳಗಿದ್ದ ಪುಟ್ಟ ಪೆಟ್ಟಿಗೆಯೊಂದು ಅಪಘಾತದಲ್ಲೂ ಉಳಿದಿತ್ತು. ಅದರೊಳಗಿನ ವಿವರವನ್ನು ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ ಇಟ್ಟುಕೊಂಡಿದ್ದ.

“ಓದಿ ಹೇಳಿ ಡ್ರೈವರ್ರೇ,” ಎಂದರು ಮೇಡಂ.

ಓದಿದೆ. ಡಿಕ್ಕಿಯಾದ ಸಮಯ ನಾಲ್ಕು ಗಂಟೆ ಹನ್ನೆರಡು ನಿಮಿಷ. ಸೀಟ್ ಬೆಲ್ಟ್ ಹಾಕಿತ್ತು. ಎಂಜಿನ್ ಹೊತ್ತಿಕೊಂಡು ನಲವತ್ತೊಂದು ನಿಮಿಷ. ಕ್ರೂಸ್ ಚಾಲನೆಯಲ್ಲಿತ್ತು. ಅದಕ್ಕೆ ನಿಗದಿಯಾದ ವೇಗ ನೂರ ನಾಲ್ಕು. ಕೊನೆಯ ಹದಿನೆಂಟು ಸೆಕೆಂಡಿನಲ್ಲಿ ಕಾರು ನಲವತ್ತೆಂಟರಿಂದ ತೊಂಬತ್ತಮೂರಕ್ಕೆ ಏರಿತ್ತು. ಆಕ್ಸಿಲರೇಟರ್ ಮೇಲೆ ಕಾಲೇ ಇರಲಿಲ್ಲ. ಡಿಕ್ಕಿಗೆ ಒಂದು ಸೆಕೆಂಡ್ ಮುಂಚೆ ಬ್ರೇಕ್ ಒತ್ತಿದ್ದರು, ಒತ್ತಿದ ಕ್ಷಣವೇ ಕ್ರೂಸ್ ಕಳಚಿಕೊಂಡಿತ್ತು.

“ನೋಡಿ ಮೇಡಂ,” ಎಂದ ಇನ್‌ಸ್ಪೆಕ್ಟರ್. “ನರ್ಸಮ್ಮ ನೂರ ನಾಲ್ಕು ಅಂತ ನಿಗದಿ ಮಾಡೋ ಹೆಂಗಸಾ? ಯಂತ್ರ ತಾನಾಗೇ ಹುಚ್ಚೆದ್ದಿದೆ. ವೈರ್ ತಪ್ಪಾಗಿ ಜೋಡಿಸಿದೆ ಅಂತ ಹುಡುಗನೇ ಬರ್ಕೊಟ್ಟಿದ್ದಾನೆ. ಕಾರಿನ ಮುಂಭಾಗ ನುಚ್ಚುನೂರಾಗಿದೆ, ವೈರ್ ನೋಡೋಣ ಅಂದ್ರೆ ಏನೂ ಉಳಿದಿಲ್ಲ.”

ಹುಡುಗ ಎಂದರೆ ಮೂವತ್ತನಾಲ್ಕು ವರ್ಷದ ಗಂಡಸು. ಕಂಬಿಯ ಹಿಂದೆ ಗೋಡೆಗೆ ಒರಗಿ ಕೂತಿದ್ದ. ನಮ್ಮನ್ನು ಕಂಡು ಸಂತೋಷವಾಗುವ ಬದಲು ಅವನ ಮುಖ ಇನ್ನೂ ಇಳಿದುಹೋಯಿತು.

“ಅಕ್ಕ ಕಳಿಸಿದ್ಲಾ? ದಯವಿಟ್ಟು ಬಿಟ್ಬಿಡಿ ಮೇಡಂ. ತಪ್ಪು ನಂದೇ.”

“ಯಾವ ವೈರನ್ನ ಎಲ್ಲಿಗೆ ಜೋಡಿಸಿದೆಯಪ್ಪ?”

ಹದಿನಾರು ವರ್ಷ ವೈರುಗಳ ಜೊತೆಗೇ ಬೆಳೆದವನಿಗೆ ಒಂದು ಸುಳ್ಳು ವೈರನ್ನು ಹುಟ್ಟಿಸಲು ಆಗಲಿಲ್ಲ. ಕೊನೆಗೆ, “ಎಲ್ಲಾ ತಪ್ಪಾಗಿ ಜೋಡಿಸ್ದೆ,” ಎಂದ. ಹೊರಡುವಾಗ ಮೇಡಂ ಕೈಯ ನೋಟ್‌ಬುಕ್ಕನ್ನೇ ನೋಡುತ್ತ ಕೇಳಿದ, “ಅಕ್ಕ ನಿಮಗೆ ಏನೇನು ಹೇಳಿದ್ಲು? ಎಲ್ಲಾ ಬರ್ಕೊಂಡಿದ್ದೀರಾ?”

“ಬರ್ಕೊಳ್ಳೋದೇ ನನ್ನ ಕೆಲಸ ಅಲ್ವೇನಪ್ಪ.”

ಅವನು ಮುಖವನ್ನು ಗೋಡೆಯ ಕಡೆ ತಿರುಗಿಸಿದ. “ಊಟ ಮಾಡು ಅಂತ ಹೇಳಿ ಅವಳಿಗೆ,” ಎಂದ.

ನನ್ನ ಗುಮಾನಿ ಇದ್ದದ್ದೇ ಬೇರೆ ಕಡೆ. ನರ್ಸಮ್ಮನ ಗಂಡ ನಿವೃತ್ತ ಸರ್ವೆಯರು, ಭಾರೀ ಸಿಡುಕ. ಆ ಕಾರು ಅವರದೇ, ವೇಗದ ಹುಚ್ಚೂ ಅವರದೇ. ಹೆದ್ದಾರಿಗೆ ಬಿದ್ದರೆ ಕ್ರೂಸ್ ಹಾಕಿ ಕಾಲು ಮಡಚಿ ಕೂರುವ ಆಸಾಮಿ. ಗಂಡ ಹೆಂಡತಿ ಕಾರಿನೊಳಗೆ ಕೂಗಾಡುವುದು ನಮ್ಮ ಬೀದಿಗೂ ಕೇಳಿಸುತ್ತಿತ್ತು. ನೂರ ನಾಲ್ಕು ಅವರ ಕೈಚಳಕವೇ ಎಂದು ನಾನು ತೀರ್ಮಾನಿಸಿಯಾಗಿತ್ತು.

ಅವರ ಮನೆಗೆ ಹೋದಾಗ, ಬಾಗಿಲು ತೆಗೆದವರನ್ನು ನೋಡಿ ನನ್ನ ತೀರ್ಮಾನಕ್ಕೆ ನಾನೇ ನಾಚಿಕೊಂಡೆ. ಅಂಗಿಯ ಗುಂಡಿ ತಪ್ಪಾಗಿ ಹಾಕಿಕೊಂಡಿದ್ದರು. ಟೇಬಲ್ಲಿನ ಮೇಲೆ ಎರಡು ತಟ್ಟೆ ಇತ್ತು, ಒಂದು ಬೋರಲಾಗಿತ್ತು.

“ಕ್ರೂಸ್‌ನಲ್ಲಿ ಏನು ಕೆಟ್ಟಿತ್ತು ಸಾರ್?” ಮೇಡಂ ಕೇಳಿದರು.

“ಸ್ಟೀರಿಂಗ್ ಮೇಲೆ ಎರಡು ಗುಂಡಿ. ಮೇಲಿನದು ಸತ್ತು ಎರಡು ವರ್ಷ ಆಗಿತ್ತು, ಕೆಳಗಿನದು ಮಾತ್ರ ಬದುಕಿತ್ತು. ಇವಳಿಗೆ ಯಾವುದು ಸತ್ತಿದ್ದು ಯಾವುದು ಬದುಕಿದ್ದು ಅಂತ ಯಾವತ್ತೂ ನೆನಪಿರ್ತಿರ್ಲಿಲ್ಲ. ಶಾಲೆ ಹತ್ರ ಕ್ಯಾಮೆರಾ ಇದೆ, ಐವತ್ತು ದಾಟಬಾರದು. ಅಲ್ಲಿ ಮಾತ್ರ ಕ್ರೂಸ್ ಹಾಕೋಳು, ಕಾಲು ಅಪ್ಪಿತಪ್ಪಿ ಒತ್ತಿಬಿಟ್ರೆ ಅಂತ ಭಯ. ಮೊದಲು ಮೇಲಿನದು ಒತ್ತೋಳು, ಏನೂ ಆಗದಿದ್ರೆ ಕೆಳಗಿನದು ಒತ್ತೋಳು. ರೋಗಿ ಎಚ್ಚರ ಇದ್ದಾನಾ ಅಂತ ಎರಡು ಕೆನ್ನೇನೂ ತಟ್ಟಿ ನೋಡೋ ಹಾಗೆ. ನಾನು ಬೈಯೋನು.”

“ಈಗ ಯಾಕೆ ರಿಪೇರಿ ಮಾಡಿಸಿದ್ರಿ?”

ಅವರು ಬೋರಲಾಗಿದ್ದ ತಟ್ಟೆಯನ್ನು ಸರಿಸಿಟ್ಟರು. “ನನ್ನ ಕಣ್ಣಿಗೆ ಪೊರೆ ಬಂದಿದೆ, ಇನ್ನು ಓಡಿಸೋಳು ಅವಳೇ. ಎರಡೂ ಗುಂಡಿ ಸರಿ ಇರ್ಲಿ ಅಂದ್ಕೊಂಡೆ. ಅವಳಿಗೆ ಹೇಳ್ಬೇಡಿ, ಬರೀ ಸರ್ವೀಸ್ ಅಂತ ಹೇಳಿ ಕೊಡಿ ಅಂತ ಗ್ಯಾರೇಜಿನವರಿಗೆ ಹೇಳಿದ್ದೆ. ಒತ್ತಿದಾಗ ತಾನಾಗೇ ಗೊತ್ತಾಗ್ಲಿ, ಖುಷಿಯಾಗ್ಲಿ ಅಂತ.”

ಮೇಡಂ ಪೆನ್ಸಿಲ್ ನಿಂತಿತು. ಅವರ ಪೆನ್ಸಿಲ್ ನಡುವೆ ನಿಂತದ್ದನ್ನು ನಾನು ಅದೇ ಮೊದಲು ನೋಡಿದ್ದು.

“ಡ್ರೈವರ್ರೇ,” ಎಂದರು ಹೊರಗೆ ಬಂದು, “ಇಂಥದೇ ಕಾರು ಬೇಕು. ಈಗಲೇ.”

ನನ್ನ ಹಳೇ ಸಹೋದ್ಯೋಗಿಯೊಬ್ಬ ಟ್ಯಾಕ್ಸಿ ಓಡಿಸುತ್ತಾನೆ, ಅವನದೂ ಅದೇ ಮಾದರಿ. ಒಂದು ಗಂಟೆಯ ಮಟ್ಟಿಗೆ ಕೇಳಿ ತಂದೆ. ಬೈಪಾಸ್ ಖಾಲಿಯಿತ್ತು. ಮೇಡಂ ಪಕ್ಕದಲ್ಲಿ ಕೂತು, “ಪಾಠ ಮಾಡಿ,” ಎಂದರು. ನನಗೋ ಈ ಯಂತ್ರದ ಮೇಲೆ ಮೊದಲಿಂದಲೂ ಸಿಟ್ಟು. ಕಾಲಿಗೆ ಕೆಲಸ ಕೊಡದ ಡ್ರೈವರು ಡ್ರೈವರೇ ಅಲ್ಲ ಎನ್ನುವವನು ನಾನು. ಆದರೂ ಮಾಡಿದೆ.

ಕ್ರೂಸಿನ ಮುಖ್ಯ ಸ್ವಿಚ್ ಹಾಕಿ, ಕಾರನ್ನು ಅರವತ್ತಕ್ಕೆ ತಂದು ಕೆಳಗಿನ ಗುಂಡಿ ಒತ್ತಿದೆ. ಮುಂದಿನ ಫಲಕದಲ್ಲಿ ಹಸಿರು ದೀಪ ಹತ್ತಿತು. ಕಾಲು ತೆಗೆದು ನೆಲಕ್ಕಿಟ್ಟೆ. ಕಾರು ಅರವತ್ತರಲ್ಲೇ ಹೋಗುತ್ತಿತ್ತು.

“ಯಾರು ಒತ್ತುತ್ತಿದ್ದಾರೆ ಈಗ?”

“ಕಂಪ್ಯೂಟರ್ ಮೇಡಂ. ಚಕ್ರ ಎಷ್ಟು ಸುತ್ತು ತಿರುಗ್ತಿದೆ ಅಂತ ಎಣಿಸ್ತಾನೇ ಇರುತ್ತೆ. ನಾನು ಕೊಟ್ಟ ಅರವತ್ತರ ಜೊತೆ ತಾಳೆ ಹಾಕುತ್ತೆ. ದಿಬ್ಬ ಬಂದು ವೇಗ ಇಳಿದ್ರೆ ಎಂಜಿನ್ನಿಗೆ ಗಾಳಿ ಇಂಧನ ಜಾಸ್ತಿ ಬಿಡುತ್ತೆ. ಇಳಿಜಾರಿನಲ್ಲಿ ಕಡಿಮೆ ಮಾಡುತ್ತೆ. ರಸ್ತೆ ತಿರುಗುತ್ತಾ, ಎದುರಿಗೆ ಯಾರಾದ್ರೂ ಇದ್ದಾರಾ, ಅದು ಮಾತ್ರ ಇದಕ್ಕೆ ಗೊತ್ತಿಲ್ಲ. ಈ ಹಳೇ ಮಾದರಿಗೆ ಕಣ್ಣಿಲ್ಲ. ನಲವತ್ತಕ್ಕಿಂತ ಕಡಿಮೆ ಇದ್ರೆ ಹಿಡಿಯೋದೂ ಇಲ್ಲ.”

“ನಿಲ್ಲಿಸೋದು ಹೇಗೆ?”

ಬ್ರೇಕನ್ನು ಸುಮ್ಮನೆ ಮುಟ್ಟಿದೆ. ದೀಪ ಆರಿತು, ಕಾರು ನಿಧಾನವಾಯಿತು. “ಬ್ರೇಕ್ ಪೆಡಲಿನ ಹಿಂದೆ ಒಂದು ಸ್ವಿಚ್ ಇದೆ. ಕಾಲು ತಗುಲಿದ ತಕ್ಷಣ ಕ್ರೂಸ್ ಕೈಬಿಡುತ್ತೆ.”

“ಕೈಬಿಡುತ್ತೆ ಸರಿ. ಮರೆಯುತ್ತಾ?”

ಪ್ರಶ್ನೆ ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಕಾರು ನಲವತ್ತೈದಕ್ಕೆ ಇಳಿದಿತ್ತು. ಮೇಲಿನ ಗುಂಡಿ ಒತ್ತಿದೆ. ಯಾರೋ ಹಿಂದಿನಿಂದ ದೂಡಿದ ಹಾಗೆ ಕಾರು ಮುಂದಕ್ಕೆ ನುಗ್ಗಿತು. ಐವತ್ತು, ಐವತ್ತೈದು, ಅರವತ್ತಕ್ಕೆ ಹೋಗಿ ನಿಂತಿತು.

“ಮರೆಯಲ್ಲ ಮೇಡಂ. ಮೇಲಿನ ಗುಂಡಿಯ ಕೆಲಸವೇ ಅದು. ಬಿಟ್ಟ ವೇಗವನ್ನ ಮತ್ತೆ ಹಿಡಿಯೋದು. ಹಿಡಿದಾದ್ಮೇಲೆ ಅದನ್ನೇ ಒತ್ತಿದ್ರೆ ಒತ್ತಿದ್ದಕ್ಕೆ ಒಂದೊಂದು ಕಿಲೋಮೀಟರ್ ಏರಿಸುತ್ತೆ.”

“ಈಗ ಎಂಜಿನ್ ಆರಿಸಿ.”

ಬದಿಗೆ ನಿಲ್ಲಿಸಿ ಆರಿಸಿದೆ. ಮತ್ತೆ ಹೊತ್ತಿಸಿ, ಐವತ್ತಕ್ಕೆ ತಂದು ಮೇಲಿನ ಗುಂಡಿ ಒತ್ತಿದೆ. ಏನೂ ಆಗಲಿಲ್ಲ. ಇನ್ನೊಮ್ಮೆ ಒತ್ತಿದೆ. ಕಾರು ತನ್ನ ಪಾಡಿಗೆ ನಿಧಾನವಾಗುತ್ತ ಹೋಯಿತು. ಕೀ ತಿರುಗಿಸಿದ್ದರಿಂದ ಅರವತ್ತರ ನೆನಪು ಅಳಿಸಿಹೋಗಿತ್ತು.

ಮೇಡಂ ನೋಟ್‌ಬುಕ್ಕನ್ನು ಹಿಂದಕ್ಕೆ ಮಗುಚಿ ಒಂದು ಪುಟ ಓದಿದರು. ಅದನ್ನೇ ಮತ್ತೆ ಓದಿ, ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. “ಡ್ರೈವರ್ರೇ, ಗೊತ್ತಾದದ್ದನ್ನ ಹೇಳದೇ ಇದ್ದುಬಿಟ್ರೆ?”

“ಆ ಹುಡುಗ ಜೈಲಿಗೆ ಹೋಗ್ತಾನಲ್ಲ ಮೇಡಂ.”

“ಹೇಳಿದ್ರೆ?”

ಅವರು ವಿವರಿಸಿದರು. ಎರಡು ದಾರಿಯಲ್ಲಿ ಒಂದಾದರೂ ಒಳ್ಳೆಯದಿರುತ್ತದೆ ಎಂದು ಮೂವತ್ತು ವರ್ಷ ಸ್ಟೀರಿಂಗ್ ಹಿಡಿದು ನಂಬಿಕೊಂಡಿದ್ದವನು ನಾನು. ಅವತ್ತು ಆ ನಂಬಿಕೆ ಹೋಯಿತು.

ಮರುದಿನ ಬೆಳಿಗ್ಗೆ ಗ್ಯಾರೇಜಿನ ಅಂಗಳದಲ್ಲಿ ಸೇರಿದೆವು. ನಮ್ಮ ಹಳೇ ಕಾರನ್ನು ಗೇಟಿನ ಒಳಗೆ ನಿಲ್ಲಿಸಿ, ಅಭ್ಯಾಸದಂತೆ ಎಂಜಿನ್ ಹಾಗೇ ಬಿಟ್ಟಿದ್ದೆ. ಹದಿನೈದು ದಿನದ ಧೂಳು ಎಲ್ಲದರ ಮೇಲೂ ಕೂತಿತ್ತು. ಗ್ಯಾರೇಜಿನಕ್ಕ ಬೆಂಚು ಒರೆಸಿ ಸರ್ವೆಯರನ್ನು ಕೂರಿಸಿದಳು. ಇನ್‌ಸ್ಪೆಕ್ಟರ್ ತಮ್ಮನನ್ನು ಕರೆತಂದಿದ್ದ. ಅವನು ಅಕ್ಕನ ಕಡೆ ನೋಡಲೇ ಇಲ್ಲ.

ಮೇಡಂ ನಿಂತೇ ಶುರು ಮಾಡಿದರು. “ಮೊದಲು ಒಂದು ಮಾತು. ಕಾರಿನ ವೈರ್ ತಪ್ಪಿರಲಿಲ್ಲ. ಬ್ರೇಕ್ ಒತ್ತಿದ ಕ್ಷಣ ಕ್ರೂಸ್ ಕಳಚಿಕೊಂಡಿದೆ ಅಂತ ನಿಮ್ಮ ಹಾಳೆಯೇ ಹೇಳ್ತಿದೆ ಇನ್‌ಸ್ಪೆಕ್ಟರ್. ಎಲ್ಲಾ ತಪ್ಪಾಗಿ ಜೋಡಿಸಿದ್ರೆ ಅದು ಕಳಚ್ತಿರಲಿಲ್ಲ. ಯಂತ್ರಕ್ಕೆ ಹುಚ್ಚು ಹಿಡಿದಿರಲಿಲ್ಲ. ಹೇಳಿದ್ದನ್ನ ಹೇಳಿದ ಹಾಗೆ ಮಾಡ್ತು. ನೂರ ನಾಲ್ಕು ಅಂತ ಅದಕ್ಕೆ ಹೇಳಿದ್ದು ಯಾರು, ಅಷ್ಟೇ ಪ್ರಶ್ನೆ.”

“ನರ್ಸಮ್ಮ ಅಲ್ಲ,” ಎಂದ ಇನ್‌ಸ್ಪೆಕ್ಟರ್.

“ಅಲ್ಲ. ಅವರ ಕಾರು ನಲವತ್ತೆಂಟರಲ್ಲಿತ್ತು. ಕಾರು ಹೋಗದೇ ಇರೋ ವೇಗವನ್ನ ಕೆಳಗಿನ ಗುಂಡಿ ನಿಗದಿ ಮಾಡಲ್ಲ. ನೂರ ನಾಲ್ಕು ಮೊದಲೇ ನೆನಪಿನಲ್ಲಿತ್ತು. ಸರ್ವೆಯರು ಹಿಂದೆ ಯಾವಾಗಲೋ ಹಾಕಿದ್ದಾ? ನಮ್ಮ ಡ್ರೈವರ್ ಹಾಗೇ ಅಂದುಕೊಂಡಿದ್ರು. ಸಾಧ್ಯ ಇಲ್ಲ. ಕೀ ತಿರುಗಿಸಿದ್ರೆ ಆ ನೆನಪು ಅಳಿಸಿಹೋಗುತ್ತೆ. ಇಲ್ಲಿ ಬ್ಯಾಟರಿಯನ್ನೇ ತೆಗೆದಿಟ್ಟಿದ್ರು.”

ನಾನು ನೆಲ ನೋಡಿದೆ.

“ಡಿಕ್ಕಿ ಆಗಿದ್ದು ನಾಲ್ಕೂ ಹನ್ನೆರಡಕ್ಕೆ. ಎಂಜಿನ್ ಹೊತ್ತಿಕೊಂಡು ಆಗ ನಲವತ್ತೊಂದು ನಿಮಿಷ. ನರ್ಸಮ್ಮ ಗೇಟು ದಾಟಿದ್ದು ನಾಲ್ಕೂ ಐದಕ್ಕೆ. ಅಂದ್ರೆ ಅವರು ಕೂರೋದಕ್ಕೆ ಮುಂಚೆ ಮೂವತ್ತನಾಲ್ಕು ನಿಮಿಷದಿಂದ ಎಂಜಿನ್ ಓಡ್ತಿತ್ತು. ಆ ಹೊತ್ತಿನಲ್ಲಿ ಕಾರು ಬೈಪಾಸಿನಲ್ಲಿತ್ತು, ಟ್ರಯಲ್‌ಗೆ. ನೂರಕ್ಕೆ ನಿಗದಿ ಮಾಡಿ, ಹೊಸದಾಗಿ ಹಾಕಿದ ಮೇಲಿನ ಗುಂಡಿ ಕೆಲಸ ಮಾಡುತ್ತಾ ಅಂತ ಒಬ್ಬ ಒತ್ತಿ ನೋಡಿದ. ಎಷ್ಟು ಸಲ ಅಂತ ಈ ಬೀದಿಯಲ್ಲಿ ಯಾರನ್ನ ಕೇಳಿದ್ರೂ ಹೇಳ್ತಾರೆ.”

“ನಾಕು ಸಲ,” ಎಂದಳು ಗ್ಯಾರೇಜಿನಕ್ಕ, ತನಗೇ ತಿಳಿಯದಂತೆ.

“ಒತ್ತಿದ್ದಕ್ಕೆ ಒಂದು ಕಿಲೋಮೀಟರ್. ನೂರ ನಾಲ್ಕು ಆಯ್ತು. ಆಮೇಲೆ ಬ್ರೇಕ್ ಒತ್ತಿ ನೋಡಿದ, ಕ್ರೂಸ್ ಕೈಬಿಡ್ತು. ಕೆಲಸ ಅಚ್ಚುಕಟ್ಟಾಗಿತ್ತು. ವಾಪಸ್ ಬಂದು ಕಾರು ಕೊಟ್ಟ. ನರ್ಸಮ್ಮ ಶಾಲೆ ಹತ್ರ ಅಭ್ಯಾಸದ ಹಾಗೆ ಮೊದಲು ಮೇಲಿನ ಗುಂಡಿ ಒತ್ತಿದ್ರು. ಎರಡು ವರ್ಷದಿಂದ ಸತ್ತಿದ್ದ ಗುಂಡಿ. ಅವತ್ತು ಅದಕ್ಕೆ ಜೀವ ಬಂದಿತ್ತು. ಅವರಿಗೆ ಯಾರೂ ಹೇಳಿರಲಿಲ್ಲ. ಕಾರು ನುಗ್ಗಿತು. ಅವರ ಕಾಲು ನೆಲದ ಮೇಲಿತ್ತು, ಕಣ್ಣು ಗುಂಡಿಗಳ ಮೇಲಿತ್ತು. ಬ್ರೇಕ್ ನೆನಪಾಗೋ ಹೊತ್ತಿಗೆ ತಿರುವು ಬಂದಿತ್ತು.”

ಸರ್ವೆಯರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. “ಖುಷಿಯಾಗ್ಲಿ ಅಂತ,” ಎನ್ನುತ್ತಿದ್ದರು. “ಖುಷಿಯಾಗ್ಲಿ ಅಂತ ಮಾಡ್ಸಿದ್ದು.”

ಮೇಡಂ ನೋಟ್‌ಬುಕ್ ಮುಚ್ಚಿದರು. “ಇಷ್ಟೇ ಇನ್‌ಸ್ಪೆಕ್ಟರ್. ಇದು ಆಕಸ್ಮಿಕ. ಈ ಹುಡುಗ ಬರ್ಕೊಟ್ಟಿದ್ದು ಸುಳ್ಳು. ಅವನನ್ನ ಬಿಟ್ಟುಬಿಡಿ.”

ಅಲ್ಲಿಗೇ ನಿಂತಿದ್ದರೆ! ಆದರೆ ಇನ್‌ಸ್ಪೆಕ್ಟರ್ ತನ್ನ ಕೆಲಸ ತಾನು ಮಾಡಿದ. “ಒಂದು ನಿಮಿಷ ಮೇಡಂ. ಕೊಡುವಾಗ ಎಂಜಿನ್ ಆರಿಸಿದ್ರೆ ನೆನಪು ಅಳಿಸ್ತಿತ್ತು ಅಂದ್ರಿ. ಯಾಕೆ ಆರಿಸ್ಲಿಲ್ಲ?”

“ನಾನೇ ಮರೆತೆ!” ತಮ್ಮ ಕೂಗಿದ. “ನಾನೇ! ಅದನ್ನೇ ಬರ್ಕೊಳ್ಳಿ ಸಾರ್, ಸಹಿ ಹಾಕ್ತೀನಿ.”

ಅಂಗಳದಲ್ಲಿ ನಮ್ಮ ಕಾರಿನ ಎಂಜಿನ್ ಸದ್ದು ಮಾತ್ರ ಉಳಿಯಿತು. ಗ್ಯಾರೇಜಿನಕ್ಕ ತಮ್ಮನನ್ನೇ ನೋಡುತ್ತಿದ್ದಳು. ಅವಳ ಮುಖದ ಬಣ್ಣ ಇಳಿಯುವುದನ್ನು ನಾನು ಕಣ್ಣಾರೆ ಕಂಡೆ. ಅಲ್ಲಿಂದ ಎದ್ದು ಓಡಿಹೋಗಬೇಕೆನಿಸಿತು.

“ಮೇಡಂ,” ಎಂದಳು ಮೆಲ್ಲಗೆ. “ಅವತ್ತು ನಾನು ಹೇಳಿದ್ದು ನಿಮ್ಮ ಪುಸ್ತಕದಲ್ಲಿದೆ. ಓದಿ.”

“ಬೇಡಮ್ಮ.”

“ಓದಿ ಮೇಡಂ. ಎಲ್ಲರ ಎದುರಿಗೂ ಅಂತ ನಾನೇ ಹೇಳಿದ್ದೆ.”

ಮೇಡಂ ತಮ್ಮನ ಕಡೆ ನೋಡಿದರು. ಅವನು ಬೇಡ ಬೇಡವೆಂದು ತಲೆಯಾಡಿಸುತ್ತಿದ್ದ. ಮೂವತ್ತೆರಡು ವರ್ಷ ಕೋರ್ಟಿನಲ್ಲಿ ಎಂಥೆಂಥ ಸಾಕ್ಷ್ಯವನ್ನು ಗಂಟಲು ನಡುಗದೆ ಓದಿದವರು, ಅವತ್ತು ಪುಟ ಹುಡುಕಲು ಮೂರು ಸಲ ತಡವರಿಸಿದರು.

“‘ಇವನು ಎಂಜಿನ್ ಆರಿಸೋಕೆ ಕೀಗೆ ಕೈ ಹಾಕ್ದ. ನಮ್ಮ ಗ್ಯಾರೇಜಿನ ಪದ್ಧತೀನೇ ಮರೆತಿದ್ದ. ಆರಿಸ್ಬೇಡ್ವೋ, ಹಾಗೇ ಕೊಡು ಅಂತ ನಾನೇ ಗದರಿಸಿದೆ.’”

“ಮರೆತಿರ್ಲಿಲ್ಲ ಅಲ್ವೇನೋ?” ಅಕ್ಕ ಕೇಳಿದಳು. “ಬೇಕಂತಾನೇ ಕೈ ಹಾಕಿದ್ದೆ. ಆ ನೂರ ನಾಲ್ಕು ಹೋಗ್ಲಿ ಅಂತ.”

ಅವನು ಅಳುತ್ತಿದ್ದ. “ಕ್ರೂಸಿನ ಮುಖ್ಯ ಸ್ವಿಚ್ ಆದ್ರೂ ಆಫ್ ಮಾಡ್ಬಹುದಿತ್ತು ಕಣಕ್ಕಾ, ಅದ್ರಿಂದಲೂ ನೆನಪು ಅಳಿಸ್ತಿತ್ತು. ನೀನು ಕೂಗಿದ್ಯಲ್ಲ, ಗಡಿಬಿಡೀಲಿ ಇಳಿದುಬಿಟ್ಟೆ. ಅದು ನನ್ನ ತಪ್ಪೇ. ಅವರು ಹೋದ್ರು ಅಂತ ಕೇಳಿದ ಕೂಡ್ಲೇ ನನಗೆ ಎಲ್ಲಾ ಗೊತ್ತಾಯ್ತು. ನಿನಗೆ ಗೊತ್ತಾಗ್ಬಾರ್ದು ಅಂತಲೇ ಸಹಿ ಹಾಕ್ದೆ. ಜೈಲಿನಲ್ಲಿ ಐದು ವರ್ಷವೋ ಹತ್ತು ವರ್ಷವೋ, ಹೆಂಗೋ ಕಳೀತಿತ್ತು. ಇವರ ಹತ್ರ ಯಾಕೆ ಹೋದೆ? ಯಾರು ಹೋಗು ಅಂದ್ರು ನಿನಗೆ?”

ಅವಳು ಸರ್ವೆಯರ ಮುಂದೆ ಹೋಗಿ ನಿಂತಳು. ಅವರು ತಲೆಯೆತ್ತಲಿಲ್ಲ. ಕ್ಷಮಿಸಿ ಎಂದು ಇವಳೂ ಕೇಳಲಿಲ್ಲ, ಇರಲಿ ಎಂದು ಅವರೂ ಅನ್ನಲಿಲ್ಲ. ಇಬ್ಬರಿಗೂ ಆ ಮಾತು ಹೊರಡುವಂತಿರಲಿಲ್ಲ.

ಇನ್‌ಸ್ಪೆಕ್ಟರ್ ಗಂಟಲು ಸರಿ ಮಾಡಿಕೊಂಡು, ನಾಳೆ ಕೋರ್ಟಿಗೆ ಹೊಸ ವರದಿ ಕೊಡುತ್ತೇನೆ, ಆಕಸ್ಮಿಕ ಎಂದು ಮುಗಿಯುತ್ತದೆ, ಯಾರ ಮೇಲೂ ಕೇಸಿರುವುದಿಲ್ಲ ಎಂದ. ಒಳ್ಳೆಯ ಸುದ್ದಿಯೆಂದೇ ಹೇಳಿದ, ಪಾಪ. ಯಾರ ಮುಖದಲ್ಲೂ ಬದಲಾವಣೆ ಕಾಣದೆ ಟೋಪಿ ಎತ್ತಿಕೊಂಡ. ಸರ್ವೆಯರನ್ನು ಮನೆಗೆ ಬಿಡುತ್ತೇನೆಂದು ಜೀಪು ಹತ್ತಿಸಿಕೊಂಡು ಹೋದ.

ನಾವೂ ಹೊರಟೆವು. ಮೇಡಂ ಕಾರಿನಲ್ಲಿ ಕೂತರು. ನಾನು ಬಾಗಿಲು ತೆಗೆಯುವಷ್ಟರಲ್ಲಿ ಗ್ಯಾರೇಜಿನಕ್ಕ ಬಂದು, ಕಿಟಕಿಯೊಳಗೆ ಕೈ ತೂರಿಸಿ, ಕೀ ತಿರುಗಿಸಿ ಎಂಜಿನ್ ಆರಿಸಿದಳು. ಹದಿನಾರು ವರ್ಷದಲ್ಲಿ ಆ ಅಂಗಳದಲ್ಲಿ ಹೊರಡುವ ಗಾಡಿಯೊಂದು ಮೊದಲ ಬಾರಿಗೆ ಸದ್ದಿಲ್ಲದೆ ನಿಂತಿತು.

“ಈಗ ತಗೊಂಡು ಹೋಗಿ ಡ್ರೈವರಣ್ಣ,” ಎಂದಳು.

ಕೂತು ಕೀ ತಿರುಗಿಸಿದೆ. ಹೊತ್ತಿಕೊಳ್ಳಲಿಲ್ಲ. ಮತ್ತೆ ತಿರುಗಿಸಿದೆ. ಅವಳು ಬಾನೆಟ್ ಎತ್ತಲಿಲ್ಲ, ಸ್ಪ್ಯಾನರಿಗಾಗಿ ಕೈ ಚಾಚಲಿಲ್ಲ, ತೊಳೆದ ಕೈಗಳನ್ನು ಇಳಿಬಿಟ್ಟು ನಿಂತಿದ್ದಳು. ಕೊನೆಗೆ ತಮ್ಮ ಎದ್ದು ಬಂದು ಹಿಂದಿನಿಂದ ತಳ್ಳತೊಡಗಿದ. ಸ್ವಲ್ಪ ಹೊತ್ತಿಗೆ ಅವಳೂ ಬಂದು ಅವನ ಪಕ್ಕದಲ್ಲಿ ಕೈಯಿಟ್ಟಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ನಮ್ಮನ್ನು ಗೇಟಿನ ಆಚೆಗೆ, ಇಳಿಜಾರಿನವರೆಗೆ ತಳ್ಳಿಕೊಂಡು ಬಂದರು. ಬೀದಿಯವರೆಲ್ಲ ಬಾಗಿಲಿಗೆ ಬಂದು ನೋಡುತ್ತಿದ್ದರು. ಯಾರೂ ನಗಲಿಲ್ಲ.